ದೋಕಿಯಾಳ ಮರಳು ಕೋಸು

ದೋಕಿಯಾ ನನ್ನ ಪಕ್ಕದ ಜಮೀನಿನವಳು. ಸಸ್ಕಾಚೆವಾನ್ ಪ್ರಾಂತ್ಯದ ಮರಳುದಿಬ್ಬಗಳ ಅಂಚಿನಲ್ಲಿ, ಗಂಡ ಸತ್ತ ಮೇಲೆ ಒಬ್ಬಳೇ ದುಡಿದು ಮಗಳನ್ನು ಬೆಳೆಸಿದವಳು. ಹಟಕ್ಕೆ ಬಿದ್ದರೆ ಮುಗಿಯಿತು, ಯಾರ ಮಾತೂ ಕಿವಿಗೆ ಹೋಗದು. ಆ ಹಟಕ್ಕೆ ನನ್ನ ಸೊಂಟವೂ ಸವೆದಿದೆ. ಆದರೂ ಅವಳೆಂದರೆ ನನಗೆ ಪ್ರಾಣ.

ಮಗಳು ಒಲೇಸ್ಯಳ ಮದುವೆ ಗೊತ್ತಾದ ದಿನ ವರನ ತಾಯಿ ಪರಾಸ್ಕಾ ನಗುನಗುತ್ತಲೇ ಚುಚ್ಚಿದಳು. ಅವಳದು ಕಪ್ಪುಮಣ್ಣಿನ ಸೀಮೆ, ಸ್ವಲ್ಪ ಜಂಬ ಜಾಸ್ತಿ.

"ಹೊಲುಬ್ಚಿಗೆ ಕೋಸು ನಾವೇ ತರ್ತೀವಿ ಬಿಡಿ. ನಿಮ್ಮ ಮರಳಲ್ಲಿ ಏನ್ ಬೆಳೆಯುತ್ತೆ?"

"ಹೆಣ್ಣಿನ ಮನೆಯವರು ನಾವು. ಕೋಸು ನಮ್ದೇ," ಅಂದಳು ದೋಕಿಯಾ.

ಕೋಸಿನೆಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ಹೊಲುಬ್ಚಿ ಇಲ್ಲದಿದ್ದರೆ ನಮ್ಮಲ್ಲಿ ಅದು ಮದುವೆಯೂಟವೇ ಅಲ್ಲ.

ಮೇ ಕೊನೆಗೆ ಸಸಿ ನೆಟ್ಟಳು. ಬೆಳಗಾಗುವಷ್ಟರಲ್ಲಿ ಎಲ್ಲವೂ ಬುಡ ಕತ್ತರಿಸಿ ಬಿದ್ದಿದ್ದವು. ಕತ್ತರಿಹುಳುವಿನ ಕೆಲಸ. ಎರಡನೇ ಸಲ, ಇಲ್ಲಿಯವರೆಲ್ಲ ಮಾಡುವಂತೆ, ಹುಳು ಹತ್ತಿರ ಬಾರದಿರಲೆಂದು ಟೊಮ್ಯಾಟೊ ಡಬ್ಬಿಗಳ ತಳ ಕಿತ್ತು ಒಂದೊಂದು ಸಸಿಯ ಸುತ್ತ ಒಂದೊಂದನ್ನು ಊರಿದಳು. ಮರುದಿನ ಡಬ್ಬಿಗಳು ನಿಂತಿದ್ದವು, ಸಸಿಗಳು ನಿಂತಿರಲಿಲ್ಲ.

ಸಿಟ್ಟಿಗೆ ನಾನೊಂದು ಡಬ್ಬಿ ಒದ್ದೆ. ಅದರೊಳಗಿನ ಮರಳಲ್ಲಿ ಬೂದುಬಣ್ಣದ ಹುಳು ಸುರುಳಿ ಸುತ್ತಿಕೊಂಡು ಹಾಯಾಗಿ ಮಲಗಿತ್ತು.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ದೋಕಿಯಾ ಹಣೆ ಚಚ್ಚಿಕೊಂಡಳು. "ಕಳ್ಳನ್ನ ಒಳಗಿಟ್ಟು ಬೇಲಿ ಹಾಕಿದೀನಲ್ಲೇ!"

"ಅಂಗಡಿಯಿಂದ ತಂದುಬಿಡೋಣ ಅಕ್ಕ. ಯಾರಿಗೆ ಗೊತ್ತಾಗುತ್ತೆ?" ಅಂದೆ.

"ನಂಗೆ ಗೊತ್ತಾಗುತ್ತಲ್ಲ. ಮಂಡಿ ಊರು, ಬಾ."

ಕಿಟಕಿಯಲ್ಲಿ ಉಳಿದಿದ್ದವೇ ಕಡೆಯ ಸಸಿಗಳು. ಅವೂ ಹೋದರೆ ಪರಾಸ್ಕಾಳ ಕೋಸೇ ಗತಿ. ಈ ಸಲ ಡಬ್ಬಿ ಊರುವ ಜಾಗವನ್ನೆಲ್ಲ ಮೊದಲು ಬೆರಳಿನಿಂದ ಕೆದಕಿ, ಮರಳು ಜರಡಿ ಹಿಡಿದು, ಸಿಕ್ಕ ಹುಳುಗಳನ್ನು ಸೀಮೆಎಣ್ಣೆಗೆ ಹಾಕಿ, ಆಮೇಲೆ ನೆಟ್ಟೆವು. ನನ್ನ ಉಗುರುಗಳು ಹರಿದವು. ಸಸಿಗಳು ಉಳಿದವು.

ಒಂದು ಹುಳುವನ್ನು ಮಾತ್ರ ಅವಳು ಮರಳಿನ ಜಾಡಿಯಲ್ಲಿ ಸಾಕಿದಳು, ಶತ್ರುವಿನ ಮುಖ ನೋಡಬೇಕಂತೆ. ಆಗಸ್ಟ್ ಕೊನೆಗೆ ಮರಳಿನದೇ ಬಣ್ಣದ ಪತಂಗ ಹೊರಬಂತು. ಕೃಷಿ ಕಚೇರಿಯ ಹುಡುಗ ಅದನ್ನು ಕಂಡು ಕುಣಿದಾಡಿದ.

"ಇದು ದಿಬ್ಬದ ಜಾತಿ ಅಮ್ಮ, ಬಲು ಅಪರೂಪ!"

"ಅಪರೂಪವಂತೆ! ನಮ್ಮ ಹಿತ್ತಲಿಗೆ ಬಂದು ನೋಡು," ಎಂದಳು ದೋಕಿಯಾ.

ಮದುವೆಯಲ್ಲಿ ಪರಾಸ್ಕಾ ದೋಕಿಯಾಳ ಕೋಸಿನ ಹೊಲುಬ್ಚಿಯನ್ನು ಮತ್ತೊಮ್ಮೆ ಬಡಿಸಿಕೊಂಡಳು. ಅಷ್ಟರಲ್ಲಿ ಅಂಥದ್ದೇ ಪತಂಗವೊಂದು ದೀಪದಿಂದ ಜಾರಿ ಅವಳ ತಟ್ಟೆಯಂಚಿಗೆ ಬಂದು ಕೂತಿತು. ಅವಳು ಹೊಡೆಯಲು ಕರವಸ್ತ್ರ ಎತ್ತಿದಳು. ದೋಕಿಯಾ ಆ ಕೈ ಹಿಡಿದಳು.

"ಬಿಡಿ ಬೀಗಿತಿ, ಅದೂ ಅಲ್ಲಿ ಬೆಳೆದದ್ದೇ. ನೀವೇ ಕೇಳಿದ್ರಲ್ಲ, ನಮ್ಮ ಮರಳಲ್ಲಿ ಏನ್ ಬೆಳೆಯುತ್ತೆ ಅಂತ."