ಗ್ಲುಕೋಸಿನ ಬೆನ್ನು ಕಂಡ ದಿನ

ಪರದೆಯ ಮೇಲಿನ ಗ್ಲುಕೋಸ್ ಅಣು ಗರಕ್ಕನೆ ತಿರುಗಿದ್ದೇ ತಡ, ಹಿರಿಯ ಸಹೋದ್ಯೋಗಿ ಬಸಗೊಂಡ ಸರ್ ಮೌಸ್ ಬಿಟ್ಟು ಎದ್ದು ನಿಂತರು.

"ಯಪ್ಪಾ! ಇಷ್ಟ ವರ್ಷ ಬೋರ್ಡ್ ಮ್ಯಾಲ ಇದರ ಮುಖಾ ಅಷ್ಟ ತೋರ್ಸೇನ್ರಿ. ಬೆನ್ನ ಇವತ್ತ ನೋಡಿದೆ!"

ಅಣುಗಳನ್ನು ಹೀಗೆ ತೋರಿಸುವ ಸಾಫ್ಟ್‌ವೇರ್ ಬಳಸಿ ರಸಾಯನಶಾಸ್ತ್ರ ಕಲಿಸುವ ಬಗ್ಗೆ ವಿಜಯಪುರದ ನಮ್ಮ ಕಾಲೇಜಿನಲ್ಲಿ ಶಿಕ್ಷಕರ ಕಾರ್ಯಾಗಾರಕ್ಕೆ ತಯಾರಿ ನಡೆದಿತ್ತು. ನಾನು ಸಿದ್ಧಪಡಿಸುತ್ತಿದ್ದ ಕಾರ್ಯಕ್ರಮ ಪಟ್ಟಿಯಲ್ಲಿ ಸ್ವಾಗತ, ಸನ್ಮಾನ, ಭಾಷಣಗಳೇ ಮುಂಜಾನೆಯನ್ನೆಲ್ಲ ನುಂಗುತ್ತಿದ್ದವು. ಎಲ್ಲಕ್ಕಿಂತ ಉದ್ದನೆಯ ಭಾಷಣ ಬಸಗೊಂಡ ಸರ್ ಅವರದೇ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಈಗ ಅವರೇ ಹೇಳಿದರು: "ನನ್ನ ಭಾಷಣಾ ತಗೀರಿ ಮೇಡಂ. ಆ ಹೊತ್ತಿನ್ಯಾಗ ಎಲ್ಲಾರ ಕೈಗೂ ಮೌಸ್ ಕೊಡ್ರಿ."

ಕಾರ್ಯಾಗಾರದ ದಿನ ಸನ್ಮಾನಕ್ಕೆ ಕರೆದರೂ ಅವರು ಏಳಲಿಲ್ಲ. ಕೊನೆಯ ಸಾಲಿನಲ್ಲಿ ಅಣು ತಿರುಗಿಸುತ್ತಾ ಕೂತಿದ್ದರು. ಅವರಿಗೆಂದು ತಂದ ಶಾಲು ಇನ್ನೂ ನನ್ನ ಕಪಾಟಿನಲ್ಲೇ ಇದೆ.