ನಾಲ್ಕನೇ ರಿಂಗಿಗೆ ಎತ್ತುವ ಮೋಡೆಮ್ಮು

ತುಮಕೂರಿನ ಶಿರಾ ಗೇಟಿನ ಲಾರಿ ಬುಕಿಂಗ್ ಆಫೀಸಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಕಾಲ. ಗುಬ್ಬಿ, ಕುಣಿಗಲ್ ಬ್ರಾಂಚುಗಳ ಲೋಡ್ ಪಟ್ಟಿ ಬಸ್ ಕಂಡಕ್ಟರುಗಳ ಜೇಬಿನಲ್ಲಿ ಚೀಟಿಯಾಗಿ ಬರುತ್ತಿತ್ತು, ಬೆವರಿಗೆ ಅರ್ಧ ಅಳಿಸಿರುತ್ತಿತ್ತು. ಬ್ರಾಂಚಿನವರೇ ಫೋನ್ ಮೂಲಕ ನಮ್ಮ ಕಂಪ್ಯೂಟರಿಗೆ ಲಾಗಿನ್ ಆಗಿ ಪಟ್ಟಿ ತುಂಬಲಿ ಎಂದವನು ನಾನೇ. ಯಾರೂ ಕೇಳಿರಲಿಲ್ಲ. ಯಜಮಾನರು ಫೋನ್ ಲೈನಿಗೂ ಕಂಪ್ಯೂಟರಿಗೂ ಕೊಂಡಿಯಾಗುವ ಮೋಡೆಮ್ ಡಬ್ಬ ಇಲ್ಲಿಗೊಂದು, ಗುಬ್ಬಿಗೊಂದು ತರಿಸಿಕೊಟ್ಟು, ಶುಕ್ರವಾರದೊಳಗೆ ಗುಬ್ಬಿಯವರು ಲಾಗಿನ್ ಆಗದಿದ್ದರೆ ಡಬ್ಬ ಅಂಗಡಿಗೆ ವಾಪಸ್, ನಾನು ಗೋಡೌನಿಗೆ ಎಂದರು.

ಇದ್ದದ್ದು ಒಂದೇ ಲೈನು. ಉಳಿದ ಹೊತ್ತು ಮನುಷ್ಯರಿಗೂ ಫೋನ್ ಎತ್ತಲು ಅವಕಾಶವಿರಲಿ ಎಂದು, ನಾಲ್ಕನೇ ರಿಂಗಿಗೆ ಮೋಡೆಮ್ ತಾನೇ ಎತ್ತಿಕೊಳ್ಳುವ ಹಾಗೆ ಕಮಾಂಡ್ ಕೊಟ್ಟೆ. ಮಧ್ಯಾಹ್ನ ಎರಡರಿಂದ ಮೂರು ಗಂಟೆಯವರೆಗೆ ಯಾರೂ ರಿಸೀವರ್ ಮುಟ್ಟಬಾರದೆಂದು ಚೀಟಿ ಅಂಟಿಸಿದೆ. ಗುಬ್ಬಿಗೆ ಹೋಗಿ ಅಲ್ಲಿನ ಕಂಪ್ಯೂಟರಿಗೆ ಮೋಡೆಮ್ ಜೋಡಿಸಿ, ಹಿರಿಯ ಗುಮಾಸ್ತರಿಗೆ ಎಲ್ಲ ಕಲಿಸಿ ಬಂದೆ. ಮೋಡ ಕಂಡರೆ ಸಿಡಿಲಿಗೆ ಹೆದರಿ ವೈರ್ ಕಿತ್ತಿಡುತ್ತಿದ್ದೆ. ಆ ವಾರವೆಲ್ಲ ಮೋಡವೇ, ಒಂದು ಸಲವೂ ಪರೀಕ್ಷಿಸಿ ನೋಡಲಾಗಲಿಲ್ಲ.

ಶುಕ್ರವಾರ ಎರಡು ಗಂಟೆಗೆ ಯಜಮಾನರು ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಫೋನು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎರಡು. ಮತ್ತೆ ಎರಡು. ಕೇಬಲ್ ಬಿಚ್ಚಿ ಊದಿದೆ, ಮೇಜಿನ ಕೆಳಗೆ ನುಗ್ಗಿ ತಲೆ ಹೊಡೆಸಿಕೊಂಡೆ. ಕೊನೆಗೆ ನಾಚಿಕೆ ಬಿಟ್ಟು ಗುಬ್ಬಿಗೆ ಫೋನ್ ಮಾಡಿದರೆ, ಎರಡು ರಿಂಗ್ ಕೇಳಿದ ಕೂಡಲೇ ಗುಮಾಸ್ತರೇ ಕಂಪ್ಯೂಟರಿನಲ್ಲಿ ಕ್ಯಾನ್ಸಲ್ ಒತ್ತುತ್ತಿದ್ದರಂತೆ. ಬ್ರಾಂಚಿನವರು ಎರಡು ರಿಂಗ್ ಕೊಟ್ಟು ಕಟ್ ಮಾಡುವುದು, ತುಮಕೂರಿನವರು ವಾಪಸ್ ಮಾಡುವುದು. ಎರಡೂ ಕಡೆಯ ಬಿಲ್ಲು ಯಜಮಾನರದೇ ಆದರೂ ಅದು ನಡೆದುಬಂದ ಪದ್ಧತಿ.

"ಮೂರ್ ಸಲ ರಿಂಗ್ ಕೊಟ್ಟಿದೀನಿ ಸಾರ್," ಎಂದರು ಗುಮಾಸ್ತರು, ನೊಂದುಕೊಂಡು. "ನಿಮ್ ಮಿಷಿನ್ನು ವಾಪಸ್ ಮಾಡ್ಬೇಕು ತಾನೆ?"

ಮತ್ತೆ ಮಾಡಿ ಎಂದು ಫೋನಿಟ್ಟೆ. ಆ ಒಂದು ಗಂಟೆ ಮೊದಲ ರಿಂಗಿಗೇ ಎತ್ತುವ ಹಾಗೆ ಮೋಡೆಮ್ಮಿನ ಕಮಾಂಡನ್ನೇ ಬದಲಿಸಿದೆ. ಈ ಸಲ ಅವರ ಬೆರಳು ಕ್ಯಾನ್ಸಲ್ ತಲುಪುವ ಮೊದಲೇ ಡಬ್ಬ ಕಿರುಚಿಕೊಂಡಿತು. ಸ್ಕ್ರೀನಿನಲ್ಲಿ ಗುಬ್ಬಿ ಎಂದು ಮೂಡಿತು, ಹಿಂದೆಯೇ ಲೋಡ್ ಪಟ್ಟಿ.

ಯಜಮಾನರು ಪಟ್ಟಿ ನೋಡಲಿಲ್ಲ. ಆ ಹೊತ್ತಿನಲ್ಲಿ ತಮ್ಮ ಮನೆಯಿಂದ ಫೋನ್ ಬಂದರೂ ಇದು ಹೀಗೇ ಕಿರುಚುತ್ತದಾ ಎಂದು ಕೇಳಿದರು. ಹೌದು, ಆ ಒಂದು ಗಂಟೆ ಮಾಡಬೇಡಿ ಅಂತ ಅಮ್ಮಾವ್ರಿಗೆ ಹೇಳಿಬಿಡಬೇಕು ಎಂದೆ.

"ಡಬ್ಬ ಇರ್ಲಿ ಬುಡು," ಎಂದರು ಕುರ್ಚಿ ಹಿಂದಕ್ಕೆ ತಳ್ಳಿ. "ಅವಳಿಗೆ ಮಾತ್ರ ನೀನೇ ಹೇಳು ಕಣಯ್ಯ. ನನ್ ಕೈಲಾಗಲ್ಲ."

ಚಪ್ಪಲಿ ಮೆಟ್ಟಿಕೊಂಡು ಉಪ್ಪಾರಹಳ್ಳಿಯ ಅವರ ಮನೆ ಕಡೆ ಹೊರಟೆ, ಮಾತು ಎಲ್ಲಿಂದ ಶುರು ಮಾಡುವುದೆಂದು ಬಾಯಿಪಾಠ ಮಾಡುತ್ತ.