ಮುದ್ದೇಮಾಲಾದ ಸೋಬಾನೆ

ಸರ್ಕಾರದವರು ಮತ್ತೆ ಒಂದಷ್ಟು ಸಿನಿಮಾ ಸೈಟುಗಳನ್ನು ಮುಚ್ಚಿಸಿದರಂತೆ. ಪೈರಸಿಯನ್ನು ಬೇರುಸಮೇತ ಕಿತ್ತು ಹಾಕುತ್ತೇವೆ ಎಂದು ದೊಡ್ಡ ಮನುಷ್ಯರೊಬ್ಬರು ಟಿವಿಯಲ್ಲಿ ಮೇಜು ಗುದ್ದಿ ಹೇಳುತ್ತಿದ್ದರು. ಅದೇ ಹೊತ್ತಿಗೆ ನನ್ನ ಅಂಗಡಿ ಎದುರಿನ ಬಸ್ ಸ್ಟ್ಯಾಂಡ್ ಕಟ್ಟೆಯ ಮೇಲೆ ಕೂತಿದ್ದವರು, ಆ ಶುಕ್ರವಾರವಷ್ಟೇ ಬಿಡುಗಡೆಯಾದ ಪಿಕ್ಚರನ್ನು ಒಂದೇ ಫೋನಿಗೆ ತಲೆ ಸೇರಿಸಿ ನೋಡುತ್ತಿದ್ದರು. ಮೇಜಿಗೆ ನೋವಾದದ್ದು ಬಿಟ್ಟರೆ ಬೇರೇನೂ ಆದಂತೆ ಕಾಣಲಿಲ್ಲ. ಬೇರು ಕೀಳುವ ಈ ಜನರನ್ನು ನಾನು ತೀರ ಹತ್ತಿರದಿಂದ ನೋಡಿದ್ದೇನೆ. ಅವರು ನನ್ನ ಅಂಗಡಿಯಿಂದ ಕಿತ್ತುಕೊಂಡು ಹೋದದ್ದು ಏನು ಎಂಬುದನ್ನು ಹೇಳಬೇಕು.

ನಮ್ಮದು ಚನ್ನಗಿರಿಗೂ ಹೊನ್ನಾಳಿಗೂ ನಡುವಿನ ಒಂದು ಊರು. ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೂ ಒಂದು ಕೇಸು ಹಾಕುವಷ್ಟು ಪುರುಸೊತ್ತು ಅವರಿಗಿದೆ. ನಮ್ಮ ಅಬ್ಬಾ ಬಳೆಯ ಮಲಾರ ಹೊತ್ತು ಸೂಳೆಕೆರೆಯ ಸುತ್ತಿನ ಹಳ್ಳಿಗಳಲ್ಲಿ ಮನೆಮನೆ ತಿರುಗಿದವರು. ನನಗೆ ಅಷ್ಟು ನಡೆಯುವ ಕಾಲೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಬಸ್ ಸ್ಟ್ಯಾಂಡ್ ಎದುರು ಒಂದು ತಗಡಿನ ಅಂಗಡಿ ಹಾಕಿ ಮೊಬೈಲ್ ರಿಪೇರಿಗೆ ಕೂತೆ. ರಿಪೇರಿಗಿಂತ ಜೋರಾಗಿ ನಡೆದದ್ದು ಮೆಮೊರಿ ಕಾರ್ಡ್ ತುಂಬುವ ಕೆಲಸ. ಫೋನಿನಲ್ಲಿ ನೆಟ್ ಅನ್ನುವುದು ಹಳ್ಳಿಯವರ ಕೈಗೆ ಎಟುಕದಿದ್ದ ಕಾಲ ಅದು. ಸಂತೆಗೆ ಬಂದವರು ಕಾರ್ಡ್ ಬಿಚ್ಚಿ ಕೈಗಿಟ್ಟು, “ಹೊಸಾವು ಹಾಕಿಡ್ರಿ, ಬಾಳೆಹಣ್ಣು ತಗಂಡು ಬರ್ತೀನಿ” ಎಂದು ಹೋಗುತ್ತಿದ್ದರು. ಬರುವಷ್ಟರಲ್ಲಿ ಹಾಡು, ಪಿಕ್ಚರು, ಕಾಮಿಡಿ ಸೀನು ಎಲ್ಲ ತುಂಬಿ ಇಟ್ಟಿರುತ್ತಿದ್ದೆ.

ಅದು ಕಾನೂನಿಗೆ ವಿರುದ್ಧ ಎಂದು ನನಗೆ ತಿಳಿದಿರಲಿಲ್ಲ ಅಂತ ನಾಟಕವಾಡುವುದಿಲ್ಲ. ಕಾರ್ಡ್ ತುಂಬಿಸಿಕೊಳ್ಳಲು ಬಂದ ಮೇಷ್ಟ್ರಿಗೂ ತಿಳಿದಿತ್ತು, ಲಾಯರಿಗೂ ತಿಳಿದಿತ್ತು. ಠಾಣೆಯವರಿಗಂತೂ ಚೆನ್ನಾಗಿಯೇ ತಿಳಿದಿತ್ತು. ಅವರು ಸರದಿಯಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಕಂಪ್ಯೂಟರಿನೊಳಗೆ ಏನೇ ಬಂದು ಬೀಳಲಿ, ಅದರ ಹೆಸರಿನ ಮುಂದೆ ನಮ್ಮ ಅಂಗಡಿಯ ಹೆಸರನ್ನು ಅಂಟಿಸುವುದು. ಅದನ್ನು ತಾನಾಗಿ ಅಂಟಿಸುವ ಒಂದು ಸಾಫ್ಟ್‌ವೇರೇ ಇತ್ತು. ಒಬ್ಬರ ಫೋನಿನಿಂದ ಇನ್ನೊಬ್ಬರಿಗೆ ಹಾಡು ಹೋದರೆ ಅದರ ಜೊತೆ ನನ್ನ ಅಂಗಡಿಯ ಹೆಸರೂ ನ್ಯಾಮತಿಗೆ, ಸವಳಂಗಕ್ಕೆ, ಇನ್ನೂ ಆಚೆಗೆ ಪುಕ್ಕಟೆ ಪ್ರಯಾಣ ಮಾಡುತ್ತಿತ್ತು. ಯಾರೋ ಆಸ್ತಿ ಮಾರಿ ತೆಗೆದ ಪಿಕ್ಚರಿಗೆ ನನ್ನ ತಗಡಿನ ಅಂಗಡಿಯ ಬೋರ್ಡು! ನ್ಯಾಮತಿಯ ಅಂಗಡಿಯವನೂ ಹಾಗೇ ಮಾಡುತ್ತಿದ್ದ. ನಮ್ಮ ನಮ್ಮಲ್ಲೇ ಯಾರ ಹೆಸರು ದೂರ ಹೋಯಿತು ಎಂಬ ಪೈಪೋಟಿ ಬೇರೆ.

ಇದರ ಜೊತೆಗೆ ಇನ್ನೊಂದು ಬಳಕೆ ಬೆಳೆಯಿತು. ಜನ ತಮ್ಮ ಫೋಟೊ, ತಾವೇ ರೆಕಾರ್ಡ್ ಮಾಡಿದ ಮಾತು, ಹಾಡು ಎಲ್ಲವನ್ನೂ ತಂದು ನನ್ನ ಕಂಪ್ಯೂಟರಿನಲ್ಲಿ ಇಟ್ಟು ಹೋಗತೊಡಗಿದರು. ಹಳ್ಳಿಯ ಫೋನು ಇವತ್ತು ಕೆರೆಗೆ ಬೀಳುತ್ತದೆ, ನಾಳೆ ಟ್ರ್ಯಾಕ್ಟರಿನ ಚಕ್ರಕ್ಕೆ ಸಿಗುತ್ತದೆ. ಅಂಗಡಿಯಲ್ಲಿದ್ದರೆ ಭದ್ರ ಎಂಬ ನಂಬಿಕೆ.

ಹಾಗೆ ನಂಬಿದವರಲ್ಲಿ ಸೂಳೆಕೆರೆ ಏರಿಯ ಕೆಳಗಿನ ಹಳ್ಳಿಯ ಒಬ್ಬ ಹೆಂಗಸು ಇದ್ದಳು. ಅವಳ ತಾಯಿ ಸೋಬಾನೆ ಪದ ಹೇಳುವುದರಲ್ಲಿ ಸುತ್ತಿಗೆಲ್ಲ ಹೆಸರಾದ ಮುದುಕಿ. ಅರಿಶಿಣ ಹಚ್ಚುವುದಕ್ಕೆ ಒಂದು, ಬಳೆ ಇಡಿಸುವುದಕ್ಕೆ ಒಂದು, ಹಸೆಗೆ ಕರೆಯುವುದಕ್ಕೆ ಒಂದು, ಮದುವೆಯ ಒಂದೊಂದು ಶಾಸ್ತ್ರಕ್ಕೂ ಅವಳಲ್ಲಿ ಪದ ಇತ್ತು. ನಮ್ಮ ಅಬ್ಬಾ ಬಳೆ ಇಡಿಸಲು ಹೋದ ಮನೆಗಳಲ್ಲಿ ಅವಳ ಪದ ಮುಗಿಯುವವರೆಗೆ ಕೊನೆಯ ಬಳೆ ತೊಡಿಸುತ್ತಿರಲಿಲ್ಲವಂತೆ. ಮುದುಕಿಗೆ ಹಾಸಿಗೆ ಹಿಡಿಯುವ ಲಕ್ಷಣ ಕಂಡಾಗ ಮಗಳು ಫೋನು ಮುಂದಿಟ್ಟು ಆ ಪದಗಳನ್ನೆಲ್ಲ ಹೇಳಿಸಿದಳು. ತಾಯಿ ತೀರಿಕೊಂಡ ಮೇಲೆ ಆ ಫೋನು ಕೆಡುತ್ತಾ ಬಂತು. ಅದನ್ನು ತಂದು ನನ್ನ ಮುಂದಿಟ್ಟಳು.

“ಅಣ್ಣಾ, ಇದು ನಿನ್ ಕಂಪ್ಯೂಟರ್‌ನಾಗೇ ಇರ್ಲಿ. ಮನ್ಯಾಗಿದ್ರೆ ಹುಡುಗ್ರು ಗೇಮ್ ಹಾಕ್ಕಳಾಕೆ ಅಳಿಸಿಬಿಡ್ತಾವೆ. ದೊಡ್ಡ ಮಗಳ ಮದುವೆಗೆ ಬಂದು ಇಸ್ಕಂಡು ಹೋಗ್ತೀನಿ.”

ನಾನು ಹಾಕಿಕೊಂಡೆ. ಸಾಫ್ಟ್‌ವೇರು ತನ್ನ ಚಾಳಿಯಂತೆ ಆ ಮುದುಕಿಯ ಒಂದೊಂದು ಪದದ ಮುಂದೆಯೂ ನನ್ನ ಅಂಗಡಿಯ ಹೆಸರನ್ನು ಅಂಟಿಸಿತು. ನಾನು ಅದನ್ನು ಗಮನಿಸಲೂ ಇಲ್ಲ.

ಮದುವೆಗೆ ಇನ್ನೇನು ವಾರ ಇದೆ ಅನ್ನುವಾಗ ದಾಳಿ ಆಯಿತು. ಬೆಂಗಳೂರಿನ ಯಾವುದೋ ಆಡಿಯೊ ಕಂಪನಿಯ ಏಜೆಂಟ್ ಒಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಜೀಪಿನಲ್ಲಿ ಪೊಲೀಸರ ಪಕ್ಕ ಕೂತು ಬಂದ. ಎಷ್ಟೋ ಊರಿನ ಅಂಗಡಿಗಳನ್ನು ಹೀಗೆ ಬಾಚಿಕೊಂಡು ಬರುತ್ತಿದ್ದರು. ಪಕ್ಕದ ಟೀ ಅಂಗಡಿಯವನನ್ನು ಕರೆದು ಮಹಜರಿಗೆ ಸಹಿ ಹಾಕಿಸಿದರು. ಪಾಪ, ಅವನ ಕಾರ್ಡ್ ಆಗಷ್ಟೇ ತುಂಬುತ್ತಿತ್ತು. ನನ್ನನ್ನೂ ಜೀಪು ಹತ್ತಿಸಿ, ಕಂಪ್ಯೂಟರನ್ನು ವೈರು ಸಮೇತ ಎತ್ತಿಕೊಂಡು ಹೋದರು. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಮರುದಿನದ ಪೇಪರಿಗೆಂದು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಚಿರತೆ ಹಿಡಿದವರೂ ಅಷ್ಟು ಎದೆ ಉಬ್ಬಿಸಿ ನಿಲ್ಲುವುದಿಲ್ಲ.

ನನಗೆ ಜಾಮೀನು ಸಿಕ್ಕ ಮೇಲೆ ಆ ಹೆಂಗಸು ಅಂಗಡಿಗೆ ಬಂದಳು. ವಿಷಯ ಕೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಎದ್ದು, “ನಡಿ ಅಣ್ಣಾ, ಕೇಳಣ. ನಮ್ಮವ್ವನ ಪದ ತಗಂಡು ಅವ್ರೇನು ಮಾಡ್ತಾರೆ?” ಎಂದಳು. ಅಷ್ಟು ಸರಳವಾಗಿ ಯೋಚಿಸುವವರ ಜೊತೆ ಠಾಣೆಗೆ ಹೋಗುವುದಕ್ಕಿಂತ ದೊಡ್ಡ ಕಷ್ಟ ಇಲ್ಲ. ಆದರೂ ಹೋದೆ.

ಒಳಗೆ ನೋಡಿದರೆ ನನ್ನ ಕಂಪ್ಯೂಟರ್ ಮೇಜಿನ ಮೇಲೆ ಓಡುತ್ತಿದೆ! ಸೀಲು ಇಲ್ಲ, ಅರಗು ಇಲ್ಲ. ಮಂಡಕ್ಕಿ, ಮಿರ್ಚಿ ಹರವಿಕೊಂಡು ಪೇದೆಗಳು ಒಂದು ಫೈಟಿಂಗ್ ಪಿಕ್ಚರ್ ನೋಡುತ್ತಿದ್ದರು. ನನ್ನನ್ನು ಕಂಡು ಅವರಲ್ಲೊಬ್ಬ ಎಣ್ಣೆಗೈಯನ್ನು ಪೇಪರಿಗೆ ಒರೆಸಿಕೊಂಡು ಗಂಭೀರವಾಗಿ ಹೇಳಿದ, “ಪರಿಶೀಲನೆ ನಡೀತಾ ಐತೆ.”

ಸಾಹೇಬರ ಕೋಣೆಯಲ್ಲಿ ಏಜೆಂಟನೂ ಕೂತಿದ್ದ. ಹೆಂಗಸು ಕೈ ಮುಗಿದು ಎಲ್ಲ ಹೇಳಿದಳು. ಸಾಹೇಬರು ಕಡತ ತಿರುವಿದರು.

“ಏನಮ್ಮಾ, ನಿಮ್ಮವ್ವಂದು ಅನ್ನಾಕೆ ದಾಖಲೆ ಏನೈತೆ? ಇಲ್ನೋಡು, ಇದರ ಮೇಲೆಲ್ಲ ಇವನ ಅಂಗಡಿ ಹೆಸರೈತೆ. ನಿಮ್ಮವ್ವನ ಹೆಸರು ಎಲ್ಲೈತೆ ತೋರ್ಸು.”

“ಧ್ವನಿ ಅವ್ವಂದು ಸಾ. ಹಚ್ಚಿ ಕೇಳ್ರಿ. ಈ ಪದ ನಾನೂ ಹೇಳ್ತೀನಿ,” ಎಂದವಳು ಅಲ್ಲೇ, ಲಾಠಿಗಳ ಪಕ್ಕ ನಿಂತು, ಹಸೆಗೆ ಕರೆಯುವ ಪದದ ಎರಡು ಸಾಲು ಹೇಳಿದಳು. ಮೂರನೆಯ ಸಾಲು ಬರಲಿಲ್ಲ. ಅದಕ್ಕೇ ತಾನೇ ಅವಳಿಗೆ ಆ ರೆಕಾರ್ಡು ಬೇಕಾಗಿದ್ದದ್ದು.

ಏಜೆಂಟ್ ಕನ್ನಡಕ ತೆಗೆದ. ಅವನಿಗೆ ಏನೋ ನೆನಪಾಗಿ ಮುಖ ಅರಳಿತು. “ಸರ್, ಈ ಹಾಡು ನಮ್ಮ ಕಂಪನಿ ಜಾನಪದ ಆಲ್ಬಮ್‌ನಲ್ಲೂ ಇದೆ. ಕಂಪ್ಲೇಂಟಿಗೆ ಇದನ್ನೂ ಸೇರಿಸ್ಕೊಳ್ಳಿ.”

ಸೇರಿಸಿಕೊಂಡರು! ಆ ಮುದುಕಿ ತನ್ನ ಅಜ್ಜಿಯಿಂದ ಕಲಿತ ಪದ, ಕೀಬೋರ್ಡ್ ಬಾರಿಸುವವನೊಬ್ಬ ಸ್ಟುಡಿಯೊದಲ್ಲಿ ಟುಂಯ್ ಟುಂಯ್ ಅನಿಸಿದ ಕೂಡಲೇ ಕಂಪನಿಯ ಸ್ವತ್ತಾಯಿತು. ಅದನ್ನು ಸ್ವಂತ ಮನೆಯಲ್ಲಿ ಹೇಳಿ ಸತ್ತವಳು ಕಳ್ಳಿಯಾದಳು. ಇಂಥ ತಲೆಗಳಿಗೆ ಸರ್ಕಾರ ಟೋಪಿ ಕೊಟ್ಟು, ಟೋಪಿಯ ಮೇಲೆ ಸಿಂಹದ ಮುದ್ರೆ ಕೊಟ್ಟು, ಕೂರಲು ಕುರ್ಚಿ ಬೇರೆ ಕೊಟ್ಟಿದೆ. ಹೊರಗೆ ಬರುವಾಗ ಹೆಂಗಸು ಕಂಪ್ಯೂಟರಿನ ಕಡೆ ಒಂದು ಸಲ ನೋಡಿದಳು. ಅದರಲ್ಲಿ ಹೀರೊ ಯಾರನ್ನೋ ಗೋಡೆಗೆ ಎಸೆಯುತ್ತಿದ್ದ.

ಮದುವೆಗೆ ನಾನೂ ಹೋಗಿದ್ದೆ. ಗಂಡಿನ ಕಡೆಯವರು ಸವಳಂಗದವರು. ಅಬ್ಬಾನಿಗೆ ಓಡಾಡಲು ಆಗದೆ ಬಳೆ ಇಡಿಸಲು ನನ್ನನ್ನೇ ಕಳಿಸಿದ್ದರು. ಹೆಂಗಸರು ಪದ ಎತ್ತಿಕೊಂಡರು, ಎರಡು ಸಾಲಿಗೆ ನಿಂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಪೆಂಡಾಲಿನ ಸ್ಪೀಕರಿನವನು ಒಂದು ಸಿನಿಮಾ ಹಾಡು ಹಚ್ಚಿಬಿಟ್ಟ. ಮದುಮಗಳ ತಾಯಿ ಅಡುಗೆ ಮನೆಗೆ ಎದ್ದು ಹೋದಳು. ನಾನು ತಲೆ ಬಗ್ಗಿಸಿ ಕೊನೆಯ ಬಳೆ ತೊಡಿಸಿದೆ. ಅಬ್ಬಾ ಬಂದಿದ್ದರೆ ತೊಡಿಸುತ್ತಿರಲಿಲ್ಲವೇನೋ. ಆ ದಿನ ನನಗೆ ಆ ಠಾಣೆಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕೇಸು ಎಳೆದು ಎಳೆದು ಮುಗಿಯುವ ಹೊತ್ತಿಗೆ ಎಲ್ಲರ ಕೈಗೂ ನೆಟ್ ಬಂದು ನನ್ನ ಕಸುಬೇ ಸತ್ತು ಹೋಗಿತ್ತು. ಮುದ್ದೇಮಾಲು ಎಂದು ಠಾಣೆಯಲ್ಲಿ ಹಿಡಿದಿಟ್ಟಿದ್ದ ಕಂಪ್ಯೂಟರ್ ಬಿಡಿಸಿಕೊಳ್ಳಲು ಹೋದಾಗ, ಅಷ್ಟರಲ್ಲಿ ಬದಲಾಗಿ ಬಂದಿದ್ದ ಹೊಸ ಸಾಹೇಬರು ಅದರ ಧೂಳು ಕೊಡವಿ, “ಒಳಗಿರೋ ಕಳ್ಳ ಮಾಲೆಲ್ಲ ಅಳಿಸಿ ಕ್ಲೀನ್ ಮಾಡ್ಸೀವಿ. ಇನ್ಮ್ಯಾಲಾದ್ರೂ ಮರ್ಯಾದಿಯಿಂದ ಬದುಕು,” ಎಂದು ಉಪಕಾರ ಮಾಡಿದವರಂತೆ ಹೇಳಿದರು. ನಿಜಕ್ಕೂ ಕ್ಲೀನ್ ಮಾಡಿದ್ದರು. ದಾವಣಗೆರೆಗೆ ಒಯ್ದು ತೋರಿಸಿದೆ, ಏನೂ ಸಿಗಲಿಲ್ಲ. ಆ ಹೆಂಗಸಿಗೆ ಹೇಳಲು ಹೋದಾಗ ಅವಳು ನನಗೆ ಟೀ ಕಾಸಿಕೊಟ್ಟು ಕಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ನಾನು ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ, ಚಾರ್ಜರ್ ಮಾರುತ್ತೇನೆ, ಜೆರಾಕ್ಸ್ ತೆಗೆಯುತ್ತೇನೆ. ಟಿವಿಯಲ್ಲಿ ಆ ಮೇಜು ಗುದ್ದಿದ ವಾರವೇ ಒಬ್ಬ ಪೊಲೀಸಿನವನು ಬಂದು ಫೋನು ಚಾಚಿದ. ಎಲ್ಲೋ ನೋಡಿದ ಮುಖ. ಅಂದು ಮಿರ್ಚಿ ತಿನ್ನುತ್ತಾ ಪರಿಶೀಲನೆ ನಡೆಸುತ್ತಿದ್ದವನು! ಜಗಳೂರು ಕಡೆಯವನಂತೆ, ನಡುವೆ ಎಲ್ಲೆಲ್ಲೋ ಸುತ್ತಿ ಮತ್ತೆ ಈ ಕಡೆ ವರ್ಗವಾಗಿ ಬಂದಿದ್ದ. ನನ್ನ ಗುರುತು ಅವನಿಗೆ ಹತ್ತಲಿಲ್ಲ.

“ಜಾಗ ಇಲ್ಲ ಅಂತ ಬರ್ತಾ ಐತೆ. ಬ್ಯಾಡದ್ದು ತೆಗೆದುಕೊಡ್ರಿ.”

ಕಾರ್ಡ್ ತೆರೆದೆ. ಸಾಲಾಗಿ ನನ್ನ ಅಂಗಡಿಯ ಹೆಸರು! ಪಿಕ್ಚರಿನ ಮುಂದೆ ನನ್ನ ಹೆಸರು, ಕಾಮಿಡಿ ಸೀನಿನ ಮುಂದೆ ನನ್ನ ಹೆಸರು. ಪರಿಶೀಲನೆಯ ನೆಪದಲ್ಲಿ ನನ್ನ ಕಂಪ್ಯೂಟರನ್ನೇ ಬಾಚಿ ತನ್ನ ಕಾರ್ಡಿಗೆ ಸುರಿದುಕೊಂಡಿದ್ದ. ಕಳ್ಳತನ ಹಿಡಿಯಲು ಬಂದು ಅದನ್ನೇ ಕದ್ದು, ಅಂದಿನಿಂದ ಜೇಬಿನಲ್ಲಿಟ್ಟುಕೊಂಡು ಊರೂರು ಕಾನೂನು ಕಾಪಾಡಿದ ಮಹಾನುಭಾವ. ಬಾಯಿ ತುಂಬ ಬಂದ ಬೈಗುಳವನ್ನು ನುಂಗಿಕೊಂಡು ಕೆಳಗೆ ಸರಿಸಿದೆ. ಸೋಬಾನೆ ಪದಗಳು ಅಲ್ಲೇ ಇದ್ದವು. ಒಂದೂ ತಪ್ಪಿರಲಿಲ್ಲ.

ನನ್ನ ಬೆರಳು ಅಲ್ಲಿ ನಿಂತದ್ದನ್ನು ನೋಡಿ ಅವನು ಗಾಬರಿಯಾದ. “ಅವನ್ನ ಅಳಿಸಬ್ಯಾಡ್ರಿ. ಬ್ಯಾರೆ ಏನಾರ ತೆಗೀರಿ. ನಮ್ಮ ಮನಿಯಾಕಿ ರೊಟ್ಟಿ ಬಡಿವಾಗ ಅವನ್ನೇ ಹಚ್ಕಂಡು ಕೂರ್ತಾಳೆ.”

ಅದು ಯಾರ ಧ್ವನಿ, ಯಾವ ಮದುವೆಗೆ ಬೇಕಾಗಿತ್ತು, ನಾನು ಯಾರು, ಎಲ್ಲ ಹೇಳಿದೆ. ಅವನ ಬಣ್ಣ ಇಳಿಯಿತು. ಸುತ್ತ ನೋಡಿ, ತಗ್ಗಿದ ಧ್ವನಿಯಲ್ಲಿ, “ಕಾಪಿ ಮಾಡ್ಕಳ್ರಿ. ಆದ್ರೆ ನನ್ನ ಕಡೆಯಿಂದ ಬಂತು ಅಂತ ಯಾರಿಗೂ ಹೇಳಬ್ಯಾಡ್ರಿ, ನೌಕ್ರಿ ಹೋಗ್ತೈತೆ” ಎಂದ. ಇಂಥವನಿಗೆ ಕೃತಜ್ಞತೆ ಹೇಳಬೇಕಾಗಿ ಬಂದದ್ದು ನನ್ನ ಹಣೆಬರಹ. ಹೇಳಿದೆ.

ಫೋನ್ ಮಾಡಿದ ಕೂಡಲೇ ಆ ಹೆಂಗಸು ಬಸ್ ಹತ್ತಿ ಬಂದಳು. ಅವಳ ಕೂದಲು ಬಿಳಿಯಾಗಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು. ಮುದುಕಿ ಹಸೆಗೆ ಕರೆಯುವ ಪದ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, “ಏ, ಆ ಡಬ್ಬಿ ಬಿಟ್ಟು ಒಲೆ ಕಡೆ ನೋಡೇ, ಹಾಲು ಉಕ್ತಾ ಐತೆ” ಎಂದು ಗದರುವುದು ನನಗೂ ಕೇಳಿಸಿತು.

“ನೋಡ್ತೀನಿ ತಡಿಯವ್ವಾ,” ಅಂದಳು ಮಗಳು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಜೆರಾಕ್ಸ್ ಮಿಷನ್ನಿನ ಕಡೆ ತಿರುಗಿ ನಿಂತೆ. ನನಗೂ ಅಳು ಬಂದಿತ್ತು.

ಹೋಗುವಾಗ ಅವಳ ಫೋನಿಗೆ ಅಷ್ಟನ್ನೂ ಹಾಕಿಕೊಟ್ಟು, “ಇನ್ನು ಮೇಲೆ ಭದ್ರವಾಗಿ ಇಟ್ಕೊ ತಾಯಿ” ಎಂದೆ.

“ಭದ್ರ ಯಾತಕಣ್ಣಾ?” ಎಂದಳು. “ನಮ್ಮೂರಿಂದ ಯಾರು ಬಂದ್ರೂ ಅವರ ಫೋನಿಗೆ ಹಾಕಿಕೊಡು. ಒಂದೇ ಕಡೆ ಇದ್ರೆ ಮತ್ತೆ ಹಿಡ್ಕಂಡು ಹೋಗ್ತಾರೆ.”

ಅಂದಿನಿಂದ ಹಾಕಿಕೊಡುತ್ತಿದ್ದೇನೆ. ಅಂಗಡಿಯ ಹೆಸರು ಅಳಿಸಿ, ಆ ಮುದುಕಿಯ ಹೆಸರು ಬರೆದು.